ಏಳು ಮೈಲಿಯಲ್ಲಿ 3.7 ಇಂಚು: ಲ್ಯಾಂಬ್ಟನ್ ಮೋಜಣಿ ಮತ್ತು ಹತ್ತೊಂಬತ್ತನೆಯ ಶತಮಾನದ ಆರಂಭದ ವಿಜ್ಞಾನ

(ಗಣಿತ ಮತ್ತು ವಿಜ್ಞಾನ ಶಿಕ್ಷಕರ ಬಳಗವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ನುಸುಳಿದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಅಂದು ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲಿ ಹೇಳಿದ್ದೇನೆ.)

ಹತ್ತೊಂಬತ್ತನೆಯ ಶತಮಾನದ ಮೊದಲ ಮೂವತ್ತು ವರ್ಷಗಳ ವಿಜ್ಞಾನವನ್ನು ಹೇಳುವುದಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಿದ್ಧವಾದ ಸಾಲು ಇದೆ. 1800ರಲ್ಲಿ ಇಟಲಿಯ ಪಾವಿಯಾದ ವೋಲ್ಟಾ ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನಿಟ್ಟು, ಒಂದರ ಮೇಲೊಂದು ಪೇರಿಸಿ, ಎಡೆಬಿಡದೆ ವಿದ್ಯುತ್ತು ಹರಿಸುವ ಮೊದಲ ಸಾಧನವನ್ನು ಲೋಕಕ್ಕೆ ತಿಳಿಸಿದ. 1804ರಲ್ಲಿ ವೇಲ್ಸ್‌ನ ಕಬ್ಬಿಣದ ಕಾರ್ಖಾನೆಯೊಂದರ ಹಳಿಯ ಮೇಲೆ ಟ್ರೆವಿಥಿಕ್‌ನ ಉಗಿಬಂಡಿ ಓಡಿತು. 1808ರಲ್ಲಿ ಡಾಲ್ಟನ್ ತನ್ನ ಪರಮಾಣು ವಾದವನ್ನು ಪುಸ್ತಕವಾಗಿಸಿದ. 1820ರಲ್ಲಿ ಓರ್ಸ್ಟೆಡ್, ತಂತಿಯಲ್ಲಿ ವಿದ್ಯುತ್ತು ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. 1831ರಲ್ಲಿ ಫ್ಯಾರಡೆ ಅದನ್ನು ತಿರುವುಮುರುವು ಮಾಡಿ, ಕಾಂತದಿಂದ ವಿದ್ಯುತ್ತು ಪಡೆದ. ಇದಿಷ್ಟನ್ನೂ ನಾವು ವರ್ಷ ವರ್ಷವೂ ಮಕ್ಕಳಿಗೆ ಹೇಳಿಕೊಡುತ್ತೇವೆ, ಇವೆಲ್ಲ ದೊಡ್ಡ ಸಂಗತಿಗಳೇ ಹೌದು.

ಈ ಸಾಲಿನಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳದ ಒಂದು ಕೆಲಸವಿದೆ. ಅದು ಶುರುವಾದದ್ದು ಇದೇ 1800ರಲ್ಲಿ, ಬೆಂಗಳೂರಿನ ಬಯಲಿನಲ್ಲಿ, ನೂರು ಅಡಿ ಉದ್ದದ ಒಂದು ಉಕ್ಕಿನ ಸರಪಳಿಯಿಂದ. ಕಿಡಿಯಿಲ್ಲ, ಹೊಗೆಯಿಲ್ಲ, ನೋಡುವುದಕ್ಕೆ ನಮ್ಮ ಮೋಜಣಿದಾರರು ಹೊಲ ಅಳೆಯುವುದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವೂ ಇರಲಿಲ್ಲ. ಆದರೂ ಆ ಮೂವತ್ತು ವರ್ಷಗಳಲ್ಲಿ ವಿಜ್ಞಾನದೊಳಗೆ ನಡೆದ ಒಂದು ಆಳವಾದ ಬದಲಾವಣೆಯನ್ನು ವೋಲ್ಟಾನ ಬಿಲ್ಲೆಗಳಿಗಿಂತ ಈ ಸರಪಳಿಯೇ ಸ್ಪಷ್ಟವಾಗಿ ತೋರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ತಪ್ಪಿಲ್ಲದೆ ಅಳೆಯುತ್ತೇನೆ ಎಂಬ ಮಾತನ್ನು ಬಿಟ್ಟು, ನನ್ನ ಅಳತೆಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ತಪ್ಪು ಇರಬಹುದು ಎಂದು ಲೆಕ್ಕ ಒಪ್ಪಿಸುವುದನ್ನು ವಿಜ್ಞಾನ ರೂಢಿ ಮಾಡಿಕೊಂಡದ್ದು ಈ ಕಾಲದಲ್ಲಿ.

ಸರಪಳಿಯ ಹಿಂದಿದ್ದವನು ವಿಲಿಯಂ ಲ್ಯಾಂಬ್ಟನ್. ಬ್ರಿಟಿಷ್ ಸೈನ್ಯದ 33ನೆಯ ಪದಾತಿ ದಳದ ಅಧಿಕಾರಿ. ಅಮೆರಿಕದ ಯುದ್ಧದಲ್ಲಿ ಸೆರೆಸಿಕ್ಕು, ಆಮೇಲೆ ಕೆನಡಾದ ಕಡೆ ಹಲವು ವರ್ಷ ಕಳೆದು, ಅಲ್ಲಿ ಗಣಿತದ ಪುಸ್ತಕಗಳನ್ನು ಗುರುವಿಲ್ಲದೆ ಓದಿಕೊಂಡವನು. ಸೂರ್ಯಗ್ರಹಣವನ್ನು ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿಯನ್ನು ಕೆಡಿಸಿಕೊಂಡಿದ್ದನೆಂದೂ ಹೇಳುತ್ತಾರೆ. ನಲವತ್ತು ದಾಟಿದ ಮೇಲೆ ಭಾರತಕ್ಕೆ ಬಂದ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ಕೊನೆಯ ದಂಡಯಾತ್ರೆಯಲ್ಲಿ ಅವನಿದ್ದ. ರಾತ್ರಿ ಹೊತ್ತು ಸಾಗುತ್ತಿದ್ದ ಒಂದು ತುಕಡಿ ದಿಕ್ಕು ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆದಿದೆ ಎಂದು ನಕ್ಷತ್ರಗಳನ್ನು ನೋಡಿ ಅವನು ಸೇನಾಧಿಕಾರಿಗೆ ಹೇಳಿದನೆಂದೂ, ಮೊದಲು ಸಿಡುಕಿದ ಆ ಅಧಿಕಾರಿ ದಿಕ್ಸೂಚಿ ತೆಗೆದು ನೋಡಿದಾಗ ನಕ್ಷತ್ರಗಳ ಮಾತೇ ನಿಜವಾಯಿತೆಂದೂ ಒಂದು ಪ್ರಸಂಗ ಉಳಿದುಬಂದಿದೆ.

ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆ ಅಳತೆಗಾರರ ಕಣವಾಯಿತು. ಗಡಿ, ಹಳ್ಳಿ, ಕೆರೆ, ದಾರಿಗಳನ್ನೆಲ್ಲ ನಕ್ಷೆಗಿಳಿಸುವ ಕೆಲಸ ಕಾಲಿನ್ ಮೆಕೆಂಜಿಗೆ ಬಂತು. ಬೆಳೆ, ಕಸುಬು, ಜಾತಿ, ತೆರಿಗೆಗಳ ವಿವರ ಬರೆದುಕೊಳ್ಳುತ್ತ ಫ್ರಾನ್ಸಿಸ್ ಬುಕಾನನ್ 1800 ಮತ್ತು 1801ರಲ್ಲಿ ನಾಡೆಲ್ಲ ಸುತ್ತಿದ. ಇವೆರಡೂ ಆಳುವವರಿಗೆ ನೇರವಾಗಿ ಬೇಕಾದ ಕೆಲಸಗಳು. ಯಾರ ನೆಲ, ಎಷ್ಟು ಕಂದಾಯ, ದಂಡು ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವಂಥವು. ಲ್ಯಾಂಬ್ಟನ್ ಕೇಳಿದ್ದು ಬೇರೆ. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಭುಜಗಳ ಒಂದು ಹಾಸನ್ನು ಹಾಸಿ, ಅದರ ನಡುವಿನಿಂದ ಉತ್ತರ–ದಕ್ಷಿಣವಾಗಿ ಒಂದು ಉದ್ದನೆಯ ಚಾಪವನ್ನು ಅಳೆದು, ಭೂಮಿ ಎಷ್ಟು ಚಪ್ಪಟೆಯಾಗಿದೆ ಎಂದು ತಿಳಿಯುವುದು ಅವನ ಆಸೆ. ನಕ್ಷೆ ಬರೆಯುವವರಿಗೆ ಗಟ್ಟಿಯಾದ ಆಧಾರ ಸಿಗುತ್ತದೆ ಎಂಬ ಕಾರಣವನ್ನು ಮುಂದಿಟ್ಟು ಅವನು ಒಪ್ಪಿಗೆ ಪಡೆದ. ಶ್ರೀರಂಗಪಟ್ಟಣದಲ್ಲಿ ಅಧಿಕಾರದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಅವನದೇ ದಳದ ಮುಖ್ಯಸ್ಥನಾಗಿದ್ದದ್ದು ನೆರವಿಗೆ ಬಂತು. ಸಾಮ್ರಾಜ್ಯ ಬೆಳೆಯದಿದ್ದರೆ ಈ ವಿಜ್ಞಾನಕ್ಕೆ ಹಣವೂ ಇಲ್ಲ, ಬೆಟ್ಟ ಹತ್ತುವ ಅಧಿಕಾರವೂ ಇಲ್ಲ. ಇದನ್ನು ಮರೆತು ಲ್ಯಾಂಬ್ಟನ್‌ನನ್ನು ಬರೀ ಜ್ಞಾನದಾಹಿಯೆಂದು ಚಿತ್ರಿಸುವುದು ಸರಿಯಲ್ಲ. ಹಾಗೆಂದು ಅವನ ಪ್ರಶ್ನೆಯ ಶುದ್ಧತೆಯನ್ನು ಅಲ್ಲಗಳೆಯುವುದೂ ನನಗೆ ಸಾಧ್ಯವಾಗಿಲ್ಲ.

ಭೂಮಿಯ ಚಪ್ಪಟೆತನವನ್ನು ನೆಲ ಅಳೆದು ಕಂಡುಹಿಡಿಯುವುದು ಹೇಗೆ? ಒಂದೇ ರೇಖಾಂಶದ ಮೇಲಿನ ಎರಡು ಸ್ಥಳಗಳಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶ ತಿಳಿಯಬೇಕು. ಆ ಎರಡು ಸ್ಥಳಗಳ ನಡುವಿನ ದೂರವನ್ನು ನೆಲದ ಮೇಲೆ ಅಳೆಯಬೇಕು. ಆಗ ಒಂದು ಡಿಗ್ರಿ ಅಕ್ಷಾಂಶಕ್ಕೆ ಎಷ್ಟು ದೂರ ಎಂಬುದು ಸಿಗುತ್ತದೆ. ಭೂಮಿ ಸಂಪೂರ್ಣ ಗೋಳವಾಗಿದ್ದರೆ ಈ ದೂರ ಎಲ್ಲೆಡೆ ಒಂದೇ. ಧ್ರುವಗಳಲ್ಲಿ ಚಪ್ಪಟೆಯಾಗಿರುವುದರಿಂದ ಅದು ಸಮಭಾಜಕದ ಹತ್ತಿರ ಸುಮಾರು 110.6 ಕಿಲೋಮೀಟರ್, ಧ್ರುವದ ಹತ್ತಿರ ಸುಮಾರು 111.7 ಕಿಲೋಮೀಟರ್ ಇರುತ್ತದೆ. ಕನ್ಯಾಕುಮಾರಿಯ ಬಳಿಯ ಡಿಗ್ರಿಗೂ ಬೀದರಿನ ಬಳಿಯ ಡಿಗ್ರಿಗೂ ಇರುವ ವ್ಯತ್ಯಾಸವನ್ನು ಇಂದಿನ ಲೆಕ್ಕದಿಂದ ತೆಗೆದರೆ ನೂರು ಮೀಟರಿಗೂ ಕಡಿಮೆ. ನೂರ ಹತ್ತು ಕಿಲೋಮೀಟರಿನಲ್ಲಿ ನೂರು ಮೀಟರನ್ನು ಹಿಡಿಯಲು ಹೊರಟವನ ಸ್ವಂತ ತಪ್ಪು ಅದಕ್ಕಿಂತ ಬಹಳ ಚಿಕ್ಕದಾಗಿರಬೇಕು. ಹೊಲದ ಬಾಂದು ಕಲ್ಲು ನೆಡುವ ಅಳತೆಗೂ ಇದಕ್ಕೂ ಇರುವ ಅಂತರ ಇಲ್ಲಿದೆ.

ಇಷ್ಟು ದೂರವನ್ನು ಸರಪಳಿ ಎಳೆದು ಅಳೆಯುವುದು ಆಗದ ಮಾತು. ಆದ್ದರಿಂದ ಸಮತಟ್ಟಾದ ನೆಲದಲ್ಲಿ ಏಳೆಂಟು ಮೈಲಿಯ ಒಂದು ಆಧಾರರೇಖೆಯನ್ನು ಮಾತ್ರ ಸರಪಳಿಯಿಂದ ಅಳೆಯುತ್ತಾರೆ. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದರ ನೆತ್ತಿಯನ್ನು ನೋಡಿ ಕೋನಗಳನ್ನು ಅಳೆದರೆ, ತ್ರಿಭುಜದ ಉಳಿದೆರಡು ಭುಜಗಳು ಲೆಕ್ಕದಿಂದ ಬರುತ್ತವೆ. ಆ ಭುಜವೇ ಮುಂದಿನ ತ್ರಿಭುಜಕ್ಕೆ ಆಧಾರವಾಗುತ್ತದೆ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳ ಮೇಲೆ ನಡೆದುಹೋಗಬಹುದು. ಸಾವನದುರ್ಗದಂಥ ಬಂಡೆಗಳು ಇರುವ ನಮ್ಮ ಸೀಮೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಅಪಾಯವೂ ಇಲ್ಲೇ ಇದೆ: ಮೊದಲ ರೇಖೆಯಲ್ಲಿ ಒಂದು ಇಂಚು ತಪ್ಪಿದರೆ ಅದು ತ್ರಿಭುಜದಿಂದ ತ್ರಿಭುಜಕ್ಕೆ ಬೆಳೆಯುತ್ತ ಹೋಗುತ್ತದೆ.

ಇನ್ನು ಆ ಸರಪಳಿಯನ್ನು ಹತ್ತಿರದಿಂದ ನೋಡೋಣ. ಲಂಡನ್ನಿನ ಪ್ರಸಿದ್ಧ ಉಪಕರಣಕಾರ ಜೆಸ್ಸಿ ರಾಮ್ಸ್‌ಡೆನ್ ಮಾಡಿದ್ದು. ಎರಡೂವರೆ ಅಡಿಯ ನಲವತ್ತು ಉಕ್ಕಿನ ಸರಳುಗಳನ್ನು ಜೋಡಿಸಿದ್ದು. 1793ರಲ್ಲಿ ಚೀನಾದ ಚಕ್ರವರ್ತಿಯ ಬಳಿಗೆ ಹೋದ ಮೆಕಾರ್ಟ್ನಿಯ ರಾಯಭಾರಿ ತಂಡ ಕಾಣಿಕೆಯಾಗಿ ಒಯ್ದಿದ್ದ ಸಾಮಾನುಗಳಲ್ಲಿ ಇದೂ ಒಂದು. ಚಕ್ರವರ್ತಿಗೆ ಅವು ಬೇಡವಾದವು. ತಂಡದಲ್ಲಿದ್ದ ಡಿನ್‌ವಿಡಿ ಎಂಬ ವಿದ್ವಾಂಸನ ಕೈಸೇರಿ ಕಲ್ಕತ್ತೆಗೆ ಬಂದವು. ಅಲ್ಲಿಂದ ಲ್ಯಾಂಬ್ಟನ್ನಿಗೆ ದೊರೆತವು. ಚೀನಾದಲ್ಲಿ ಬೆಲೆ ಸಿಗದ ಸರಪಳಿ 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ನೆಲದ ಮೇಲೆ ಬಿತ್ತು.

ಬಿತ್ತು ಎಂದದ್ದು ತಪ್ಪಾಯಿತು; ಅದನ್ನು ನೆಲಕ್ಕೆ ತಾಗಿಸುತ್ತಿರಲಿಲ್ಲ. ಮುಕ್ಕಾಲಿಗಳ ಮೇಲೆ ಉದ್ದನೆಯ ಮರದ ತೊಟ್ಟಿಗಳನ್ನು ಒಂದೇ ಮಟ್ಟಕ್ಕೆ ಬರುವಂತೆ ತಿರುಪಿನಿಂದ ಏರಿಸಿ ಇಳಿಸಿ, ಅವುಗಳೊಳಗೆ ಸರಪಳಿಯನ್ನು ಹಾಸಿ, ಒಂದೇ ಬಿಗಿಯಲ್ಲಿ ಎಳೆದು, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ತುದಿಯನ್ನು ಗುರುತು ಹಾಕಿಕೊಂಡು, ಆಮೇಲೆ ಇಡೀ ಸರಂಜಾಮನ್ನು ನೂರು ಅಡಿ ಮುಂದಕ್ಕೆ ಸಾಗಿಸುವುದು. ಹೀಗೆ ಸುಮಾರು ನಾನೂರು ಸಲ. ಮುಂದೆ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ಆಧಾರರೇಖೆಯನ್ನು ಇದೇ ಕ್ರಮದಲ್ಲಿ ಅಳೆಯಲು 57 ದಿನ ಹಿಡಿಯಿತು. ದಿನಕ್ಕೆ ಏಳು ಸರಪಳಿ.

ಉಷ್ಣಮಾಪಕ ಏಕೆ? ನಮ್ಮ ತಂದೆ ಶಾನುಭೋಗಿಕೆ ಮಾಡಿದವರು. ಮೂವತ್ತಮೂರು ಅಡಿಯ ಗುಂಟೆ ಸರಪಳಿ, ಹದಿನಾರು ಆಣೆ, ನಲವತ್ತು ಗುಂಟೆಗೆ ಒಂದು ಎಕರೆ ಎಂಬ ಲೆಕ್ಕವನ್ನು ನಾನು ಮಗ್ಗಿಯ ಜೊತೆಗೇ ಕಲಿತೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಳೆಸಿದರೆ ಹೊಲ ಕಿರಿದಾಗುತ್ತದೆ ಎಂದು ರೈತರು ತಮಾಷೆ ಮಾಡುತ್ತಿದ್ದರು. ತಮಾಷೆಯಲ್ಲಿ ಸತ್ಯವಿದೆ: ಕಾದ ಸರಪಳಿ ಹಿಗ್ಗುತ್ತದೆ, ಹಿಗ್ಗಿದ ಸರಪಳಿಯ ಎಣಿಕೆ ಕಡಿಮೆ ಬರುತ್ತದೆ. ಒಂದು ಹೊಲದ ಮಟ್ಟಿಗೆ ಅದು ಲೆಕ್ಕಕ್ಕೆ ಬಾರದ ಮಾತು. ನೂರು ಅಡಿಯ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹಿಗ್ಗುತ್ತದೆ, ಅಷ್ಟೇ. ಅದೇ ಏಳೂವರೆ ಮೈಲಿಗೆ ಗುಣಿಸಿ ನೋಡಿ: ಹದಿನಾಲ್ಕೂವರೆ ಸೆಂಟಿಮೀಟರ್, ಅಂದರೆ ಐದೂವರೆ ಇಂಚಿನ ಮೇಲೆ. ಒಂದೇ ಒಂದು ಡಿಗ್ರಿಗೆ ಇಷ್ಟು. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಹತ್ತು ಹದಿನೈದು ಡಿಗ್ರಿ ಅಂತರವಿರುವ ನಾಡಿನಲ್ಲಿ, ಉಷ್ಣಮಾಪಕವಿಲ್ಲದೆ ಅಳೆದ ರೇಖೆ ಐದಾರು ಅಡಿ ಅತ್ತಿತ್ತ ಆಗಿಬಿಡುತ್ತದೆ.

ಲೆಕ್ಕ ಕೊಡಬೇಕಾದದ್ದು ಬಿಸಿಲಿಗೊಂದಕ್ಕೇ ಅಲ್ಲ. ಸರಪಳಿಯ ಕೀಲುಗಳು ಬಳಕೆಯಲ್ಲಿ ಸವೆದು ಅದು ಉದ್ದವಾಗುತ್ತದೆ. ಆದ್ದರಿಂದ ಅಳೆಯುವ ಸರಪಳಿ ಒಂದು, ಅದನ್ನು ಆಗಾಗ ಹೋಲಿಸಿ ನೋಡಲು ಜೋಪಾನವಾಗಿಟ್ಟ ಸರಪಳಿ ಇನ್ನೊಂದು. ನೆಲ ಇಳಿಜಾರಾಗಿದ್ದರೆ ಅದಕ್ಕೆ ತಿದ್ದುಪಡಿ. ಎಲ್ಲಕ್ಕಿಂತ ನನಗೆ ಸೋಜಿಗವೆನಿಸುವುದು ಸಮುದ್ರಮಟ್ಟದ ತಿದ್ದುಪಡಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಸಾವಿರ ಅಡಿ ಮೇಲಿದೆ. ಭೂಮಿಯ ಕೇಂದ್ರದಿಂದ ಅಷ್ಟು ದೂರ ಹೋದಂತೆ ರೇಖೆಗಳು ಹರಡಿಕೊಳ್ಳುವುದರಿಂದ, ಇಲ್ಲಿ ಅಳೆದ ಏಳು ಮೈಲಿ ಸಮುದ್ರಮಟ್ಟದಲ್ಲಿ ಅದೇ ಎರಡು ಲಂಬಗಳ ನಡುವೆ ಇರುವ ದೂರಕ್ಕಿಂತ ಒಂದೂವರೆ ಮೀಟರಿಗೂ ಹೆಚ್ಚು ಉದ್ದವಾಗಿರುತ್ತದೆ. ಬೆಂಗಳೂರು ಎತ್ತರದಲ್ಲಿದೆ ಎಂಬುದನ್ನು ನಾವು ಹವೆಯಿಂದ ತಿಳಿಯುತ್ತೇವೆ. ಇವರು ಅದನ್ನು ನೆಲದ ಉದ್ದದಲ್ಲೂ ಕಳೆಯಬೇಕಾಯಿತು.

ಕೋನ ಅಳೆಯುವ ಉಪಕರಣದ ಕಥೆಯೂ ಸಣ್ಣದಲ್ಲ. ವಿಲಿಯಂ ಕೇರಿ ಲಂಡನ್ನಿನಲ್ಲಿ ಮಾಡಿದ ಮಹಾ ಥಿಯೊಡೊಲೈಟ್ ಸುಮಾರು ಅರ್ಧ ಟನ್ ತೂಗುತ್ತಿತ್ತು. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು. ಅದು ಯುದ್ಧದ ಸಾಮಗ್ರಿಯಲ್ಲ, ವಿಜ್ಞಾನದ ಉಪಕರಣ ಎಂದು ತಿಳಿದ ಮೇಲೆ ಅಲ್ಲಿನ ಅಧಿಕಾರಿಗಳು ಮದರಾಸಿಗೆ ಕಳುಹಿಸಿಕೊಟ್ಟರು. ಅದರ ಅಡ್ಡ ವೃತ್ತದ ವ್ಯಾಸ ಮೂರು ಅಡಿ. ನಮ್ಮ ಪಂಚಾಂಗದವರು ಹೇಳುವ ಒಂದು ವಿಕಲೆ, ಅಂದರೆ ಡಿಗ್ರಿಯ 3600ನೇ ಒಂದು ಭಾಗ, ಆ ವೃತ್ತದ ಅಂಚಿನ ಮೇಲೆ ಮಿಲಿಮೀಟರಿನ ಸಾವಿರದ ಎರಡು ಭಾಗದಷ್ಟು ಜಾಗ ಹಿಡಿಯುತ್ತದೆ. ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲು ಎನ್ನಿ. ಕಣ್ಣಿಗೆ ಕಾಣದ ಇದನ್ನು ಸೂಕ್ಷ್ಮದರ್ಶಕದಿಂದ ಓದಿಕೊಳ್ಳುತ್ತಿದ್ದರು. ವೃತ್ತವನ್ನು ಇಷ್ಟು ನಯವಾಗಿ ಗೀರಿ ಭಾಗ ಮಾಡುವುದು ಕೈಕೆಲಸದಿಂದ ಯಂತ್ರದ ಕೆಲಸವಾದದ್ದು ಹದಿನೆಂಟನೆಯ ಶತಮಾನದ ಕೊನೆಗೆ, ಮುಖ್ಯವಾಗಿ ಅದೇ ರಾಮ್ಸ್‌ಡೆನ್ನನಿಂದ. ಉಗಿಯಂತ್ರದ ಹೆಸರು ಹೇಳುವಷ್ಟು ಸಲ ಈ ಗೀರುವ ಯಂತ್ರದ ಹೆಸರನ್ನು ನಾವು ಹೇಳುವುದಿಲ್ಲ.

ಮದರಾಸಿನ ರೇಖೆಯಿಂದ ಹೊರಟ ತ್ರಿಭುಜಗಳು ಘಟ್ಟ ಏರಿ 1804ರ ಹೊತ್ತಿಗೆ ಬೆಂಗಳೂರಿಗೆ ಬಂದವು. ಇಲ್ಲಿ ಲ್ಯಾಂಬ್ಟನ್ ಮಾಡಿಸಿದ ಕೆಲಸವನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದೆ. ತ್ರಿಭುಜಗಳ ಲೆಕ್ಕದಿಂದ ಬೆಂಗಳೂರಿನ ಬಳಿಯ ಒಂದು ರೇಖೆಯ ಉದ್ದ ಎಷ್ಟಿರಬೇಕು ಎಂದು ಕಾಗದದ ಮೇಲೆ ತೆಗೆದಾಗಿತ್ತು. ಅದನ್ನು ನಂಬಿ ಮುಂದೆ ಹೋಗದೆ, ಅದೇ ರೇಖೆಯನ್ನು ಸರಪಳಿಯಿಂದ ಮತ್ತೆ ಅಳೆಸಿದ. ಸಹಾಯಕನಾಗಿದ್ದ ಜಾನ್ ವಾರೆನ್ ಆ ಕೆಲಸ ನಡೆಸಿದ. ಮದರಾಸಿನಿಂದ ನೂರಾರು ಮೈಲಿ ಕೋನಗಳ ಮೇಲೆ ನಡೆದುಬಂದ ಲೆಕ್ಕಕ್ಕೂ ಏಳು ಮೈಲಿಯ ನಿಜವಾದ ಅಳತೆಗೂ ಬಂದ ವ್ಯತ್ಯಾಸ 3.7 ಇಂಚು. ಇದು ಒಂದು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ಈಗಷ್ಟೇ ನಾವು ಮಾಡಿದ ಉಷ್ಣದ ಲೆಕ್ಕವನ್ನು ನೆನೆಯಿರಿ: ಸರಪಳಿಯ ಬಿಸಿಯನ್ನು ಓದುವುದರಲ್ಲಿ ಒಂದು ಡಿಗ್ರಿ ತಪ್ಪಿದ್ದರೂ ಇದಕ್ಕಿಂತ ಹೆಚ್ಚು ಅಂತರ ಬರಬೇಕಿತ್ತು.

ಅದೇ ವರ್ಷಗಳಲ್ಲಿ ಯೂರೋಪಿನ ಗಣಿತಜ್ಞರೂ ತಪ್ಪಿನ ಲೆಕ್ಕದಲ್ಲೇ ತೊಡಗಿದ್ದರು. 1801ರ ಜನವರಿ 1ರಂದು ಪಿಯಾಜಿ ಕಂಡ ಸಿರಿಸ್ ಎಂಬ ಕಿರುಗ್ರಹ ಕೆಲವೇ ವಾರಗಳಲ್ಲಿ ಸೂರ್ಯನ ಬೆಳಕಿನಲ್ಲಿ ಮರೆಯಾದಾಗ, ಕೈಯಲ್ಲಿದ್ದ ಕೆಲವೇ ವೀಕ್ಷಣೆಗಳಿಂದ ಅದರ ಕಕ್ಷೆಯನ್ನು ಲೆಕ್ಕ ಹಾಕಿದವನು ಗೌಸ್. ಆ ವರ್ಷದ ಕೊನೆಯ ದಿನ ಅವನು ಹೇಳಿದ ಜಾಗದ ಆಸುಪಾಸಿನಲ್ಲೇ ಅದು ಮತ್ತೆ ಸಿಕ್ಕಿತು. 1805ರಲ್ಲಿ ಲೆಜಾಂಡ್ರ್, 1809ರಲ್ಲಿ ಗೌಸ್ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನ, ಒಂದಕ್ಕೊಂದು ಪೂರ್ತಿ ಹೊಂದದ ಹಲವು ಅಳತೆಗಳಿಂದ ಒಪ್ಪತಕ್ಕ ಒಂದೇ ಬೆಲೆಯನ್ನು ಹೊರತೆಗೆಯುವ ದಾರಿ. ಲ್ಯಾಂಬ್ಟನ್ ಇದನ್ನು ಬಳಸಲಿಲ್ಲ. ಅವನ ಹತ್ತಿರ ಇದ್ದದ್ದು ಸೇನೆಯವನ ಶಿಸ್ತು ಮತ್ತು ಮರಳಿ ಮರಳಿ ಅಳೆಯುವ ತಾಳ್ಮೆ. ಆದರೂ ಜರ್ಮನಿಯ ಗಣಿತಜ್ಞನೂ ಬೆಂಗಳೂರಿನ ಸೈನಿಕನೂ ಒಂದೇ ಕಾಲದ ಒಂದೇ ಚಿಂತೆಯಲ್ಲಿದ್ದರು. ಗೌಸ್ ಮುಂದೆ 1820ರ ದಶಕದಲ್ಲಿ ತಾನೇ ಹ್ಯಾನೋವರ್ ಸೀಮೆಯ ತ್ರಿಕೋನ ಮೋಜಣಿಗೆ ಇಳಿದ.

ಬೆಂಗಳೂರಿನಿಂದ ಪಡುವಣಕ್ಕೆ ಹೊರಟ ತ್ರಿಭುಜಗಳು ಮಂಗಳೂರಿನ ಕರಾವಳಿ ಮುಟ್ಟಿದಾಗ ಒಂದು ವಿಚಿತ್ರ ಹೊರಬಿತ್ತು. ಅಲ್ಲಿಯವರೆಗಿನ ನಕ್ಷೆಗಳು ಮದರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ ಎನ್ನುತ್ತಿದ್ದವು. ಅಳತೆಗೆ ಸಿಕ್ಕದ್ದು 360. ನಲವತ್ತು ಮೈಲಿ ಅಗಲದ ನಾಡು ಕಾಗದದಿಂದ ಅಳಿಸಿಹೋಯಿತು. ಇಷ್ಟಾದರೂ ಮದರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬನಿಗೆ ಈ ಖರ್ಚು ದಂಡವೆಂದೇ ತೋರಿತ್ತು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ತನ್ನ ಪಲ್ಲಕ್ಕಿ ಹೊರುವ ಮುಖ್ಯ ಬೋಯಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್ನನ ನಕ್ಷೆಯ ಹಂಗಿಲ್ಲದೆ ಅವನು ಕರೆದೊಯ್ಯುತ್ತಾನೆ ಎಂಬುದು ಆತನ ವಾದ. ಬೋಯಿಗಳ ಬಗ್ಗೆ ಆತ ಹೇಳಿದ್ದು ನಿಜ. ದಾರಿ ಗೊತ್ತಿರುವುದು ಬೇರೆ, ದೂರ ಗೊತ್ತಿರುವುದು ಬೇರೆ ಎಂಬುದು ಮಾತ್ರ ಆತನಿಗೆ ಹೊಳೆದಿರಲಿಲ್ಲ.

ಪಲ್ಲಕ್ಕಿ ಹೊತ್ತವರ ಮಾತು ಬಂದಾಗ ಅರ್ಧ ಟನ್ನಿನ ಥಿಯೊಡೊಲೈಟನ್ನು ಬೆಟ್ಟಕ್ಕೆ ಹೊತ್ತವರ ಮಾತೂ ಬರಬೇಕು. ತೊಟ್ಟಿ ಸಾಗಿಸಿದವರು, ಕಾಡು ಕಡಿದು ನೋಟಕ್ಕೆ ದಾರಿ ಬಿಡಿಸಿದವರು, ದೂರದ ನೆತ್ತಿಯ ಮೇಲೆ ಬಾವುಟ ಹಿಡಿದು ದಿನಗಟ್ಟಲೆ ಕಾದವರು ನಮ್ಮ ಕಡೆಯ ಜನ. ಮೆಕೆಂಜಿಯ ಕಡತಗಳಲ್ಲಿ ಶಾಸನ, ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾವಲಿ ಬೊರಯ್ಯನಂಥವರ ಹೆಸರು ಉಳಿದಿದೆ. ಲ್ಯಾಂಬ್ಟನ್ನನ ವರದಿಗಳಲ್ಲಿ ಹೊತ್ತವರ ಹೆಸರಿಗೆ ಜಾಗವಿಲ್ಲ. ಇಂಚಿನ ಹತ್ತನೇ ಭಾಗಕ್ಕೂ ಲೆಕ್ಕ ಬರೆದಿಟ್ಟ ಪುಸ್ತಕದಲ್ಲಿ ಈ ಲೆಕ್ಕ ಬಿಟ್ಟುಹೋಗಿದೆ.

ಬಾವುಟವನ್ನು ಕಣ್ಣಿಗೆ ತರುವ ಬೆಳಕು ನೇರವಾಗಿ ಬರುವುದಿಲ್ಲ, ಗಾಳಿಯಲ್ಲಿ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂಬುದು ಹೊತ್ತಿನಿಂದ ಹೊತ್ತಿಗೆ ಬೇರೆ. ಗಾಳಿಯ ಬಿಸಿ, ಒತ್ತಡಗಳ ಜೊತೆಗೆ ಅದರ ತೇವವನ್ನೂ ಅಳೆಯಬೇಕೆಂಬ ಆಲೋಚನೆ ಅಂದಿನ ಮೋಜಣಿಗಾರರಿಗಿತ್ತು. ಲ್ಯಾಂಬ್ಟನ್ನನ ಸಹಾಯಕರಲ್ಲಿ 12ನೆಯ ದಳದ ಹೆನ್ರಿ ಕೇಟರ್ ಎಂಬ ತರುಣನಿದ್ದ. ಮೈಸೂರು ಸೀಮೆಯ ಗುಡ್ಡಗಳಲ್ಲಿ ನಡೆಯುವಾಗ ಬಟ್ಟೆಗೆ ಚುಚ್ಚಿಕೊಳ್ಳುವ ಒಂದು ಹುಲ್ಲಿನ ಬೀಜ ಅವನ ಗಮನ ಸೆಳೆಯಿತು. ಅದರ ಬಾಲದಂಥ ಊಬು ಹಗ್ಗದಂತೆ ಹೊಸೆದುಕೊಂಡಿರುತ್ತದೆ. ತೇವ ತಾಗಿದರೆ ಹುರಿ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಕೇಟರ್ ಆ ಊಬಿನ ಒಂದು ತುದಿಯನ್ನು ಬಿಗಿದು, ಇನ್ನೊಂದು ತುದಿಗೆ ಮುಳ್ಳು ಜೋಡಿಸಿ, ಬಹಳ ಚುರುಕಾದ ಒಂದು ಆರ್ದ್ರತಾಮಾಪಕವನ್ನು ಮಾಡಿದ. ಏಷಿಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಅದನ್ನು ವಿವರಿಸುವಾಗ ಹುಲ್ಲಿನ ಕನ್ನಡ ಹೆಸರನ್ನೇ ಕೊಟ್ಟ: ಊಬಿನ ಹುಲ್ಲು. ಹೀಗೆ ನಮ್ಮ ದನಗಾಹಿಗಳ ಬಾಯಿನ ಒಂದು ಮಾತು ಆ ಕಾಲದ ಇಂಗ್ಲಿಷ್ ವಿಜ್ಞಾನ ಬರಹದೊಳಗೆ ಹೋಯಿತು.

ಅಂದು ಸಭೆಗೆ ನಾನು ನಾಲ್ಕು ಊಬುಗಳನ್ನು ತಂದಿದ್ದೆ. ಒಂದನ್ನು ಬಿಳಿ ಹಾಳೆಯ ಮೇಲಿಟ್ಟು, ಬೆರಳು ಅದ್ದಿ ಒಂದು ಹನಿ ನೀರು ಬಿಟ್ಟಾಗ ಅದು ನಿಧಾನವಾಗಿ ಹೊರಳತೊಡಗಿತು. ಅದರ ಬಗ್ಗಿದ ತುದಿ ಗಡಿಯಾರದ ಮುಳ್ಳಿನಂತೆ ಹಾಳೆಯ ಮೇಲೆ ತಿರುಗಿತು. ಹಿಂದಿನ ಸಾಲಿನಲ್ಲಿದ್ದವರೆಲ್ಲ ಎದ್ದು ಬಂದು ಮೇಜಿನ ಸುತ್ತ ನಿಂತರು. ಇದನ್ನು ಯಾವ ಶಾಲೆಯಲ್ಲಿ ಬೇಕಾದರೂ ಮಾಡಿ ತೋರಿಸಬಹುದು. ಮಳೆ ನಿಂತ ಮೇಲೆ ಗುಡ್ಡದಲ್ಲಿ ಓಡಾಡಿ ಬಂದರೆ ಸಾಕು, ಸಾಮಗ್ರಿ ತಾನಾಗಿಯೇ ಬಟ್ಟೆಗೆ ಅಂಟಿಕೊಂಡು ಬರುತ್ತದೆ.

ಬೆಂಗಳೂರಿನ ದೊಡ್ಡಗುಂಟದ ಠಾಣ್ಯದಿಂದ ಮಹಾಚಾಪ ತೆಂಕಣಕ್ಕೂ ಬಡಗಣಕ್ಕೂ ಬೆಳೆಯಿತು. ತೆಂಕಣದಲ್ಲಿ ಬೆಟ್ಟಗಳು ಮುಗಿದು ತಾಳೆ ತೆಂಗಿನ ಬಯಲು ಬಂದಾಗ ನೋಟಕ್ಕೆ ಗೋಪುರಗಳೇ ಆಸರೆಯಾದವು. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ವಿಮಾನದ ಮೇಲಕ್ಕೆ ಮಹಾ ಥಿಯೊಡೊಲೈಟನ್ನು ಹಗ್ಗ ರಾಟೆಗಳಿಂದ ಏರಿಸುವಾಗ ಹಗ್ಗವೊಂದು ಹರಿದು, ಉಪಕರಣ ಗೋಡೆಗೆ ಬಡಿದು, ವೃತ್ತವೇ ಸೊಟ್ಟಗಾಯಿತು. ಇಂಗ್ಲೆಂಡಿನಿಂದ ಇನ್ನೊಂದು ಬರಬೇಕಾದರೆ ವರ್ಷಗಳು ಬೇಕು. ಲ್ಯಾಂಬ್ಟನ್ ಉಪಕರಣವನ್ನು ಬಿಚ್ಚಿ, ಅಗಲವಾದ ಹಲಗೆಯೊಂದರ ಮೇಲೆ ವೃತ್ತದ ಸರಿಯಾದ ಅಳತೆಯನ್ನು ಕೊರೆದು, ಸೊಟ್ಟಗಾದ ಬಳೆಯನ್ನು ಬೆಣೆ, ತಿರುಪು, ರಾಟೆಗಳಿಂದ ದಿನಕ್ಕಿಷ್ಟೆಂದು ಎಳೆದೆಳೆದು ಆ ಗೆರೆಗೆ ಕೂರಿಸಿದ. ಬಗ್ಗಿದ ಅರಗಳನ್ನು ಮರದ ಸಣ್ಣ ಸುತ್ತಿಗೆಗಳಿಂದ ತಟ್ಟಿ ನೇರಗೊಳಿಸಿದ. ಆರು ವಾರ ಹಿಡಿಯಿತು. ಆ ಮೇಲೂ ಆ ಉಪಕರಣ ವರ್ಷಗಟ್ಟಲೆ ಕೆಲಸ ಮಾಡಿತು. ಕೂದಲಿನ ಮೂವತ್ತನೇ ಭಾಗವನ್ನು ಓದುವ ವೃತ್ತವನ್ನು ಸುತ್ತಿಗೆಯಿಂದ ತಟ್ಟಿ ಸರಿಪಡಿಸಿದ್ದನ್ನು ಕೇಳಿದಾಗ ಎದೆ ಝಲ್ಲೆನ್ನುತ್ತದೆ. ಆದರೆ ವೃತ್ತದ ಬೇರೆ ಬೇರೆ ಭಾಗಗಳಲ್ಲಿ ಒಂದೇ ಕೋನವನ್ನು ಮತ್ತೆ ಮತ್ತೆ ಓದಿ ಸರಾಸರಿ ತೆಗೆದರೆ, ವೃತ್ತದ ಸೊಟ್ಟು ಬಹುಪಾಲು ತಾನೇ ಕಳೆದುಹೋಗುತ್ತದೆ. ಉಪಕರಣ ಕೆಟ್ಟಿದೆ ಎಂದು ತಿಳಿದವನಿಗೆ ಅದನ್ನು ಬಳಸುವ ಉಪಾಯವೂ ತಿಳಿದಿರುತ್ತದೆ.

ಬಡಗಣದಲ್ಲಿ 1811ರಲ್ಲಿ ಗುತ್ತಿಯ ಬಳಿ, 1815ರಲ್ಲಿ ಬೀದರಿನ ಬಳಿಯ ದಾಮರಗಿದ್ದದಲ್ಲಿ ಹೊಸ ಆಧಾರರೇಖೆಗಳನ್ನು ಅಳೆದರು. 1818ರಲ್ಲಿ ಕೆಲಸಕ್ಕೆ ಮಹಾ ತ್ರಿಕೋನಮಿತೀಯ ಮೋಜಣಿ ಎಂಬ ಹೆಸರು ಬಂತು. ಜಾರ್ಜ್ ಎವರೆಸ್ಟ್ ಸಹಾಯಕನಾಗಿ ಸೇರಿದ. 1823ರ ಜನವರಿ 20ರಂದು, ಎಪ್ಪತ್ತರ ಆಸುಪಾಸಿನಲ್ಲಿ, ನಾಗಪುರದ ದಾರಿಯಲ್ಲಿ ಹಿಂಗನಘಾಟಿನಲ್ಲಿ ಲ್ಯಾಂಬ್ಟನ್ ತೀರಿಕೊಂಡ. ಅಷ್ಟರಲ್ಲಿ ಸುಮಾರು 1,65,000 ಚದರ ಮೈಲಿ ನಾಡು ತ್ರಿಭುಜಗಳ ಬಲೆಯೊಳಗೆ ಬಂದಿತ್ತು. ಅವನ ಚಾಪದ ಆಧಾರದ ಮೇಲೆ ಎವರೆಸ್ಟ್ 1830ರಲ್ಲಿ ಕೊಟ್ಟ ಭೂಮಿಯ ಚಪ್ಪಟೆತನ, ಅಂದರೆ ಧ್ರುವದ ಕಡೆಯ ತ್ರಿಜ್ಯ ಸಮಭಾಜಕದ ತ್ರಿಜ್ಯಕ್ಕಿಂತ ಎಷ್ಟು ಪಾಲು ಕಡಿಮೆ ಎಂಬುದು, 300.8ರಲ್ಲಿ ಒಂದು ಭಾಗ. ಇಂದು ಉಪಗ್ರಹಗಳಿಂದ ತಿಳಿದದ್ದು 298.26ರಲ್ಲಿ ಒಂದು. ಭಾರತದ ನಕ್ಷೆಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಎವರೆಸ್ಟನ ಆ ಆಕೃತಿಯ ಮೇಲೆಯೇ ನಿಂತಿದ್ದವು.

ಊಬಿನ ಹುಲ್ಲಿನ ಕೇಟರನನ್ನು ನಡುದಾರಿಯಲ್ಲಿ ಬಿಟ್ಟಿದ್ದೇವೆ. ಆರೋಗ್ಯ ಕೆಟ್ಟು ಅವನು 1808ರಲ್ಲಿ ಇಂಗ್ಲೆಂಡಿಗೆ ಮರಳಿದ. 1817ರಲ್ಲಿ ಲೋಲಕವೊಂದನ್ನು ಮಾಡಿದ. ಇಂದಿಗೂ ಪದವಿ ತರಗತಿಗಳ ಪ್ರಯೋಗಶಾಲೆಯಲ್ಲಿ ಅದು ಅವನ ಹೆಸರಿನಲ್ಲೇ ಇದೆ. ಅದಕ್ಕೆ ಎರಡು ಚೂರಿಯಂಚುಗಳು. ಒಂದರ ಮೇಲೆ ತೂಗಿಬಿಟ್ಟು, ಆಮೇಲೆ ತಲೆಕೆಳಗು ಮಾಡಿ ಇನ್ನೊಂದರ ಮೇಲೆ ತೂಗಿಬಿಟ್ಟು, ಎರಡೂ ಸಲ ತೂಗಾಟದ ಅವಧಿ ಒಂದೇ ಆಗುವಂತೆ ಸರಿಹೊಂದಿಸಿದರೆ, ಆ ಎರಡು ಅಂಚುಗಳ ನಡುವಿನ ದೂರವೇ ಲೋಲಕದ ಲೆಕ್ಕದ ಉದ್ದ. ಲಂಡನ್ನಿನಲ್ಲಿ ಸೆಕೆಂಡಿಗೊಮ್ಮೆ ಬಡಿಯುವ ಲೋಲಕದ ಉದ್ದವನ್ನು ಅವನು ಇಂಚಿನ ಹತ್ತು ಸಾವಿರದ ಭಾಗದವರೆಗೆ ಹೇಳಿದ: 39.1393 ಇಂಚು. 1824ರ ಬ್ರಿಟಿಷ್ ಕಾನೂನು ಈ ಅಂಕಿಯನ್ನೇ ಬರೆದುಕೊಂಡಿತು. ಗಜದ ಮೂಲಪಟ್ಟಿ ಎಂದಾದರೂ ನಾಶವಾದರೆ, ಲೋಲಕವನ್ನು ಬಡಿಸಿ ಗಜವನ್ನು ಮತ್ತೆ ಪಡೆಯತಕ್ಕದ್ದು ಎಂದು ವಿಧಿಸಿತು.

ಹತ್ತು ವರ್ಷಕ್ಕೆ, 1834ರ ಅಕ್ಟೋಬರ್ 16ರಂದು, ಲಂಡನ್ನಿನ ಸಂಸತ್ ಭವನ ಸುಟ್ಟುಹೋಯಿತು. ಗಜದ ಮೂಲಪಟ್ಟಿಯೂ ಬೆಂಕಿಯಲ್ಲಿ ಕೆಟ್ಟಿತು. ಈಗ ಲೋಲಕ ಬಡಿಸಬೇಕಾಗಿತ್ತು. ಆದರೆ ಅಷ್ಟರಲ್ಲಿ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞ, ತೂಗಾಡುವ ಲೋಲಕ ತನ್ನ ಜೊತೆಗೆ ಸುತ್ತಲಿನ ಗಾಳಿಯನ್ನೂ ಸ್ವಲ್ಪ ಎಳೆದಾಡುತ್ತದೆ, ಅದಕ್ಕೆ ಯಾರೂ ತಿದ್ದುಪಡಿ ಮಾಡಿಲ್ಲ ಎಂದು 1820ರ ದಶಕದ ಕೊನೆಯಲ್ಲೇ ತೋರಿಸಿದ್ದ. ಬಿಸಿಗೆ ಲೆಕ್ಕವಿತ್ತು, ಎತ್ತರಕ್ಕೆ ಲೆಕ್ಕವಿತ್ತು, ಗಾಳಿಯ ತೇಲಿಸುವಿಕೆಗೂ ಲೆಕ್ಕವಿತ್ತು. ಲೋಲಕದ ಹಿಂದೆ ಹೋಗಿಬರುವ ಈ ಗಾಳಿ ಕೇಟರನ ಪಟ್ಟಿಯಲ್ಲಿರಲಿಲ್ಲ. ಸರ್ಕಾರ ನೇಮಿಸಿದ ವಿದ್ವಾಂಸರು 1841ರಲ್ಲಿ ವರದಿ ಕೊಟ್ಟು, ಕಾನೂನಿನಲ್ಲಿದ್ದ ಲೋಲಕದ ದಾರಿಯನ್ನು ಕೈಬಿಡಬೇಕೆಂದರು. ಹಳೆಯ ಗಜಕ್ಕೆ ಬೆಂಕಿ ಬೀಳುವ ಮೊದಲೇ ಹೋಲಿಸಿ ಮಾಡಿಟ್ಟಿದ್ದ ಲೋಹದ ಪಟ್ಟಿಗಳನ್ನು ಬೇರೆ ಬೇರೆ ಕಡೆಗಳಿಂದ ತರಿಸಿ, ಅವುಗಳಿಂದ ಹೊಸ ಗಜವನ್ನು ಮಾಡಿದರು.